ಅಂತರರಾಷ್ಟ್ರೀಯ ಸಂಬಂಧಗಳ ಸಿದ್ಧಾಂತದಲ್ಲಿ ಲಿಂಗತ್ವಕ್ಕೆ ಕಡೆಯ ಘಟಕವೇ ಗತಿಯೇ?

ಮದ್ದೂರು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆಯಲ್ಲಿ ವಾಸ್ತವವಾದ, ಉದಾರವಾದ, ಮಾರ್ಕ್ಸ್‌ವಾದ ಎಲ್ಲವೂ ಮುಗಿದ ಮೇಲೆ, ಸೆಮಿಸ್ಟರಿನ ಕೊನೆಯ ವಾರದಲ್ಲಿ, ‘ಸ್ತ್ರೀವಾದಿ ದೃಷ್ಟಿಕೋನ’ ಎಂಬ ಘಟಕ ಬರುತ್ತದೆ. ಅಷ್ಟು ಹೊತ್ತಿಗೆ ಹಾಜರಾತಿ ಅರ್ಧಕ್ಕೆ ಇಳಿದಿರುತ್ತದೆ. ನಾವೂ ನಾಲ್ಕು ಹೆಸರು ಬರೆಸಿ ಕೈ ತೊಳೆದುಕೊಳ್ಳುತ್ತೇವೆ. ಈ ಸಲ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸರ್, ಇಂದಿರಾ ಗಾಂಧಿ 1971ರಲ್ಲಿ ಯುದ್ಧ ಮಾಡಿದರು, ಮಾರ್ಗರೆಟ್ ಥ್ಯಾಚರ್ 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಿಗೆ ನೌಕಾಪಡೆ ಕಳಿಸಿದರು. ಕುರ್ಚಿಯ ಮೇಲೆ ಹೆಂಗಸು ಕೂತರೂ ದೇಶ ನಡೆದುಕೊಳ್ಳುವ ರೀತಿ ಬದಲಾಗುವುದಿಲ್ಲ ಎಂದ ಮೇಲೆ ಈ ಘಟಕ ಯಾಕೆ?” ಎಂದು ಕೇಳಿದಳು. ಪುಸ್ತಕದಲ್ಲಿರುವ ಉತ್ತರ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಲಿಂಗತ್ವವು, ಅಂದರೆ ಗಂಡಸುತನ ಹೆಂಗಸುತನಗಳ ಬಗ್ಗೆ ಸಮಾಜ ಕಟ್ಟಿಕೊಂಡ ಕಲ್ಪನೆಯು, ರಾಷ್ಟ್ರಗಳ ವರ್ತನೆಯನ್ನು ವಿವರಿಸುವ ಒಂದು ಸಿದ್ಧಾಂತವೇ, ಅಥವಾ ಪಠ್ಯಕ್ರಮ ಸಮಿತಿ ಮರ್ಯಾದೆಗಾಗಿ ಸೇರಿಸಿದ ಬಾಲಂಗೋಚಿಯೇ? ತಿಳಿದವರು ಬಿಡಿಸಿ ಹೇಳಬೇಕು.

ಸ್ಪರ್ಧಾರ್ಥಿ ಮಳವಳ್ಳಿ

ನಿಮ್ಮ ವಿದ್ಯಾರ್ಥಿನಿ ಹೇಳಿದ್ದೇ ಸರಿ. ವಾಸ್ತವವಾದದ ಚಿಂತಕ ಕೆನೆತ್ ವಾಲ್ಟ್ಸ್ 1979ರಲ್ಲೇ ಇದಕ್ಕೆ ಉತ್ತರ ಕೊಟ್ಟಾಗಿದೆ. ರಾಷ್ಟ್ರಗಳ ಮೇಲೆ ಇನ್ನೊಂದು ಸರ್ಕಾರವಿಲ್ಲ (ಇದನ್ನೇ ಅರಾಜಕತೆ ಎನ್ನುವುದು), ಆದ್ದರಿಂದ ಪ್ರತಿಯೊಂದೂ ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳಬೇಕು. ಆಳುವವರು ಗಂಡೋ ಹೆಣ್ಣೋ, ಸಜ್ಜನರೋ ದುರ್ಜನರೋ ಎಂಬುದು ಆ ಒತ್ತಡದ ಮುಂದೆ ನಿಲ್ಲುವುದಿಲ್ಲ. ಐರೋಪ್ಯ ರಾಜಮನೆತನಗಳ 1480ರಿಂದ 1913ರವರೆಗಿನ ದಾಖಲೆಗಳನ್ನು ಕಲೆಹಾಕಿದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು, ರಾಜರಿಗಿಂತ ರಾಣಿಯರು ಆಳಿದ ರಾಜ್ಯಗಳೇ ಹೆಚ್ಚು ಯುದ್ಧಗಳಲ್ಲಿ ತೊಡಗಿದ್ದವು ಎಂದು ತೋರಿಸಿದೆ. ಇನ್ನೇನು ಬೇಕು?

ಗಂಗೋತ್ರಿ ಸಂಶೋಧಕಿ

ಮಳವಳ್ಳಿಯವರೇ, ಅದೇ ಅಧ್ಯಯನವನ್ನು ಪೂರ್ತಿ ಓದಿ. ರಾಣಿಯರು ಏಕೆ ಹೆಚ್ಚು ಯುದ್ಧ ಮಾಡಿದರು ಎಂಬುದಕ್ಕೆ ಅದು ಕೊಡುವ ಕಾರಣಗಳಲ್ಲೇ ಲಿಂಗತ್ವ ಇದೆ. ಮದುವೆಯಾಗದ ರಾಣಿಯನ್ನು ದುರ್ಬಲಳೆಂದು ಎಣಿಸಿ ನೆರೆಯವರು ಮೇಲೆ ಬೀಳುತ್ತಿದ್ದರು. ಮದುವೆಯಾದ ರಾಣಿ ಆಡಳಿತದ ಹೊರೆಯನ್ನು ಗಂಡನೊಂದಿಗೆ ಹಂಚಿಕೊಂಡು ತಾನೇ ದಂಡೆತ್ತಿ ಹೋಗುವಷ್ಟು ಬಲ ಪಡೆಯುತ್ತಿದ್ದಳು. ಅಂದರೆ ನೀವು ‘ಲಿಂಗತ್ವ ಲೆಕ್ಕಕ್ಕೆ ಬರುವುದಿಲ್ಲ’ ಎಂದು ಮುಂದಿಟ್ಟ ಸಾಕ್ಷಿಯೇ ಅದು ಲೆಕ್ಕಕ್ಕೆ ಬರುತ್ತದೆ ಎನ್ನುತ್ತಿದೆ.

ಮೇಷ್ಟ್ರೇ, ತೊಡಕಿರುವುದು ಪ್ರಶ್ನೆ ಹುಟ್ಟಿದ ಜಾಗದಲ್ಲಿ. ‘ಹೆಂಗಸರು ಆಳಿದರೆ ಜಗತ್ತು ಶಾಂತವಾಗುತ್ತದೆಯೇ’ ಎಂಬುದು ಫ್ರಾನ್ಸಿಸ್ ಫುಕುಯಾಮಾ 1998ರಲ್ಲಿ ಎತ್ತಿದ ಚರ್ಚೆ. ಅದನ್ನು ಮೊದಲು ವಿರೋಧಿಸಿದವರು ಸ್ತ್ರೀವಾದಿಗಳೇ. ಹೆಣ್ಣು ಹುಟ್ಟಾ ಶಾಂತಳು ಎಂದುಬಿಟ್ಟರೆ ಅವಳನ್ನು ರಕ್ಷಣಾ ಇಲಾಖೆಯಿಂದ ಹೊರಗಿಡುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.

ಸ್ತ್ರೀವಾದಿ ವಿದ್ವಾಂಸೆ ಆನ್ ಟಿಕ್ನರ್ 1988ರಲ್ಲಿ ಮಾಡಿದ ಕೆಲಸ ಬೇರೆಯದು. ಹಾನ್ಸ್ ಮಾರ್ಗೆಂಥಾವ್ ಹೇಳಿದ ವಾಸ್ತವವಾದದ ಆರು ತತ್ವಗಳನ್ನು ಒಂದೊಂದಾಗಿ ತೆಗೆದುಕೊಂಡು, ಇವು ಮನುಷ್ಯಸ್ವಭಾವದ ನಿಯಮಗಳೋ ಅಥವಾ ಮನುಷ್ಯಸ್ವಭಾವದಲ್ಲಿ ನಾವು ‘ಗಂಡಸುತನ’ ಎಂದು ಕರೆಯುವ ಅರ್ಧಭಾಗದ ನಿಯಮಗಳೋ ಎಂದು ಅವರು ಕೇಳಿದರು. ಅಧಿಕಾರವೆಂದರೆ ಇನ್ನೊಬ್ಬನನ್ನು ಬಗ್ಗಿಸುವುದು ಎಂಬುದು ಒಂದು ಅರ್ಥ. ಹತ್ತು ಜನ ಕೂಡಿ ಒಂದು ಕೆಲಸ ಸಾಧಿಸುವುದೂ ಅಧಿಕಾರವೇ ಎಂದು ರಾಜಕೀಯ ಚಿಂತಕಿ ಹಾನ್ನಾ ಆರೆಂಟ್ ಹೇಳಿದ್ದಾರೆ. ಮೊದಲನೆಯದು ಮಾತ್ರ ವಾಸ್ತವ, ಎರಡನೆಯದು ಬರೀ ಆಶಯ ಎಂದು ವಿಂಗಡಿಸಿದವರು ಯಾರು? ಟಿಕ್ನರ್ ಮಾರ್ಗೆಂಥಾವ್‌ರನ್ನು ಕಸದಬುಟ್ಟಿಗೆ ಎಸೆಯಲಿಲ್ಲ ಎಂಬುದನ್ನು ಗಮನಿಸಿ. ‘ಇದು ಅರ್ಧ ಚಿತ್ರ’ ಎಂದಷ್ಟೇ ಅವರು ಹೇಳಿದ್ದು.

ಇನ್ನೂ ಹಿಂದಕ್ಕೆ ಹೋಗಿ. ಅರಾಜಕತೆಯ ಕಲ್ಪನೆಗೆ ಮೂಲಪುರುಷ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್. ಅವನು 1642ರಲ್ಲಿ ಬರೆದ ಕೃತಿಯಲ್ಲಿ, ಮನುಷ್ಯರು ಅಣಬೆಗಳಂತೆ ಈಗಷ್ಟೇ ನೆಲದಿಂದ ಎದ್ದು, ಯಾರ ಹಂಗೂ ಇಲ್ಲದೆ ಒಮ್ಮೆಗೇ ಪ್ರಾಯಕ್ಕೆ ಬಂದವರು ಎಂದು ಭಾವಿಸಿಕೊಳ್ಳಲು ಹೇಳುತ್ತಾನೆ. ಹೆತ್ತವರಿಲ್ಲ, ಸಾಕಿದವರಿಲ್ಲ. ಹಾಬ್ಸನ ನಿಸರ್ಗ ಸ್ಥಿತಿ, ಅಂದರೆ ಸರ್ಕಾರ ಹುಟ್ಟುವ ಮುಂಚಿನ ಸ್ಥಿತಿ, ನಿಜವಾಗಿಯೂ ಹಾಗೇ ಇದ್ದಿದ್ದರೆ ಅದು ಒಂದೇ ತಲೆಮಾರಿಗೆ ಮುಗಿದುಹೋಗುತ್ತಿತ್ತು ಎಂದು ಟಿಕ್ನರ್ ನೆನಪಿಸುತ್ತಾರೆ. ವಾಲ್ಟ್ಸ್ ಅವರ ಒಂಟಿ ರಾಷ್ಟ್ರ ಅದೇ ಅಣಬೆಯ ವಂಶ.

ಸರಸ್ವತಿಪುರಂ ನಿವೃತ್ತ

ಅಣಬೆಯ ವಂಶ! ಇದನ್ನು ನಮ್ಮ ಕಾಲದಲ್ಲಿ ಯಾರೂ ಹೇಳಲಿಲ್ಲವಲ್ಲಮ್ಮ. ನಾವು ಮಾನಸಗಂಗೋತ್ರಿಯಲ್ಲಿ ಓದುವಾಗ ಹಾಬ್ಸ್, ಮಾರ್ಗೆಂಥಾವ್ ಎಂದರೆ ವೇದವಾಕ್ಯ. ಈ ಅಧ್ಯಯನ ಶಿಸ್ತು 1919ರಲ್ಲಿ ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಸ್ಥಾಪಿಸಿದ ಪೀಠದಿಂದ ಶುರುವಾಯಿತು ಎಂದು ನಾನೇ ವರ್ಷ ವರ್ಷ ಬರೆಸಿದ್ದೇನೆ. ಅದಕ್ಕೆ ನಾಲ್ಕು ವರ್ಷ ಮೊದಲು, 1915ರ ಏಪ್ರಿಲ್‌ನಲ್ಲಿ, ಮಹಾಯುದ್ಧ ನಡೆಯುತ್ತಿರುವಾಗಲೇ ಸಾವಿರಕ್ಕೂ ಹೆಚ್ಚು ಮಹಿಳೆಯರು ಹೇಗ್ ನಗರದಲ್ಲಿ ಸೇರಿ, ಜೇನ್ ಆಡಮ್ಸ್ ಅವರ ಅಧ್ಯಕ್ಷತೆಯಲ್ಲಿ, ತಟಸ್ಥ ದೇಶಗಳು ಮಧ್ಯಸ್ಥಿಕೆ ವಹಿಸಬೇಕು, ಗುಪ್ತ ಒಪ್ಪಂದಗಳು ನಿಲ್ಲಬೇಕು ಎಂದು ನಿರ್ಣಯ ಮಾಡಿದ್ದರು. ಅದು ಯಾವ ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲೂ ಇರಲಿಲ್ಲ.

ಸ್ಪರ್ಧಾರ್ಥಿ ಮಳವಳ್ಳಿ

ಇತಿಹಾಸ ಸರಿ, ಆದರೆ ಸಿದ್ಧಾಂತವೆಂದರೆ ಪರೀಕ್ಷಿಸಲು ಬರಬೇಕಲ್ಲವೇ? ಟಿಕ್ನರ್ ಅವರ ಇನ್ನೊಂದು ಲೇಖನಕ್ಕೆ 1998ರಲ್ಲಿ ಪ್ರತಿಕ್ರಿಯಿಸುತ್ತಾ ಅಂತರರಾಷ್ಟ್ರೀಯ ಸಂಬಂಧಗಳ ವಿದ್ವಾಂಸ ರಾಬರ್ಟ್ ಕಿಯೋಹೇನ್ ಕೇಳಿದ್ದೂ ಇದನ್ನೇ. ನಿಮ್ಮ ವಾದದಿಂದ ಪರೀಕ್ಷಿಸಬಹುದಾದ ಊಹೆಗಳನ್ನು ರೂಪಿಸಿ ತೋರಿಸಿ, ಆಮೇಲೆ ಕೂತು ಮಾತಾಡೋಣ ಎಂಬ ಧಾಟಿ ಅವರದು. ಅದರಲ್ಲಿ ತಪ್ಪೇನಿದೆ? ‘ನಿಮ್ಮ ಚಿತ್ರ ಅರ್ಧ’ ಎಂದು ಯಾರು ಬೇಕಾದರೂ ಯಾವ ಸಿದ್ಧಾಂತಕ್ಕೆ ಬೇಕಾದರೂ ಹೇಳಬಹುದು.

ಕಪ್ಪು ಕೋಟು ಮೈಸೂರು

ವಾಲ್ಟ್ಸ್ ಅವರ ಅರಾಜಕತೆಯನ್ನು ಯಾವ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು ಸ್ವಾಮಿ?

ಸರಸ್ವತಿಪುರಂ ನಿವೃತ್ತ

ವಕೀಲರು ಬಂದರು, ಇನ್ನು ನಮ್ಮ ಕತೆ ಮುಗಿಯಿತು.

ಮಳವಳ್ಳಿಯವರ ಪ್ರಶ್ನೆಗೆ ಒಂದು ಪ್ರಸಂಗ. ಕೆರೊಲ್ ಕೋನ್ ಎಂಬ ವಿದ್ವಾಂಸೆ 1980ರ ದಶಕದಲ್ಲಿ ಅಮೆರಿಕದ ಅಣ್ವಸ್ತ್ರ ತಂತ್ರಜ್ಞರ ನಡುವೆ ಕೂತು ಅವರ ಮಾತುಕತೆಯನ್ನೇ ಅಧ್ಯಯನ ಮಾಡಿದರು. ಅವರಿಗೆ ಒಬ್ಬ ಭೌತವಿಜ್ಞಾನಿ ಹೇಳಿದ ಸಂಗತಿಯಿದು. ಅಣ್ವಸ್ತ್ರ ದಾಳಿಯ ಲೆಕ್ಕ ಹಾಕುತ್ತಿದ್ದಾಗ, ಒಂದು ಊಹೆ ಬದಲಿಸಿದರೆ ತಕ್ಷಣ ಸಾಯುವವರ ಸಂಖ್ಯೆ 3.6 ಕೋಟಿಯಿಂದ 3 ಕೋಟಿಗೆ ಇಳಿಯುತ್ತದೆಂದು ಗೊತ್ತಾಗಿ ಎಲ್ಲರೂ ತಲೆಯಾಡಿಸಿದರಂತೆ. ಈತನಿಗೆ ತಡೆಯಲಾಗದೆ, ನಾವು ಮಾತಾಡುತ್ತಿರುವುದನ್ನು ಒಮ್ಮೆ ಕೇಳಿಸಿಕೊಳ್ಳಿ, ಬರೀ ಮೂರು ಕೋಟಿ ಜನವೇ ಎಂದುಬಿಟ್ಟರಂತೆ. ಕೋಣೆ ಸ್ತಬ್ಧ. ಯಾರೂ ಮುಖ ಎತ್ತಿ ನೋಡಲಿಲ್ಲ. ತನಗೆ ಆಗ ಹೆಂಗಸಾದಂತೆ ಅನ್ನಿಸಿತು ಎಂದು ಆತ ಕೋನ್‌ಗೆ ಹೇಳಿದರು. ಆ ಕೋಣೆಯಲ್ಲಿ ಯಾವ ಸಂಗತಿಯನ್ನು ಮಾತಾಡಬಹುದು, ಯಾವುದನ್ನು ಆಡಿದರೆ ಮಾನ ಹೋಗುತ್ತದೆ ಎಂಬುದನ್ನು ನಿರ್ಧರಿಸಿದ್ದು ಅರಾಜಕತೆಯಲ್ಲ. ಕೋನ್ ಹೇಳುವುದು ಇಷ್ಟೇ: ಲೆಕ್ಕಕ್ಕೆ ಏನನ್ನು ತೆಗೆದುಕೊಳ್ಳಬೇಕು ಎಂಬ ಹಂತದಲ್ಲೇ ಲಿಂಗತ್ವ ಕೆಲಸ ಮಾಡಿ ಮುಗಿಸಿರುತ್ತದೆ, ನಾವು ಅದನ್ನು ಫಲಿತಾಂಶದಲ್ಲಿ ಹುಡುಕುತ್ತೇವೆ.

ನಮ್ಮಲ್ಲಿ ನೋಡಿ. ಗಡಿಯಲ್ಲಿ ಏನಾದರೂ ಆದರೆ ಸಾಕು, ಯಾವ ಪಕ್ಷದ ಭಾಷಣವಾದರೂ ‘ನಾವೇನು ಕೈಗೆ ಬಳೆ ತೊಟ್ಟು ಕೂತಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹಾಗೆಂದ ಮೇಲೆ ಮಾತುಕತೆಗೆ ಕೂರುವುದೇ ಅವಮಾನವಾಗಿಬಿಡುತ್ತದೆ, ಅದರಿಂದ ರಾಷ್ಟ್ರಹಿತ ಸಾಧನೆಯಾಗುವಂತಿದ್ದರೂ.

ಗಂಗೋತ್ರಿ ಸಂಶೋಧಕಿ

ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಇಂದಿರಾ ಗಾಂಧಿ ಅವರ ಉದಾಹರಣೆಯನ್ನೇ ತಿರುಗಿಸಿ ನೋಡಬಹುದು. ‘ಸಂಪುಟದ ಏಕೈಕ ಗಂಡಸು’ ಎಂದು ಅವರನ್ನು ಹೊಗಳುತ್ತಿದ್ದರು. 1971ರ ನವೆಂಬರ್‌ನಲ್ಲಿ ಶ್ವೇತಭವನದಲ್ಲಿ ಭೇಟಿಯಾದ ಅಮೆರಿಕದ ಅಧ್ಯಕ್ಷ ನಿಕ್ಸನ್, ಇಂದಿರಾ ಅವರನ್ನು ಹಿಂದಿನಿಂದ ಮುದಿ ಮಾಟಗಾತಿ ಎಂದು ಬೈದದ್ದು 2005ರಲ್ಲಿ ಬಹಿರಂಗವಾದ ಧ್ವನಿಮುದ್ರಿತ ದಾಖಲೆಗಳಲ್ಲಿದೆ. ಗೆದ್ದರೆ ಗಂಡಸು, ಎದುರು ನಿಂತರೆ ಮಾಟಗಾತಿ. ಕುರ್ಚಿಯಲ್ಲಿ ಹೆಂಗಸು ಕೂತಳು ಎಂದ ಮಾತ್ರಕ್ಕೆ ಕುರ್ಚಿ ಬದಲಾಗಿರುವುದಿಲ್ಲ ಎಂದು ನಿಮ್ಮ ವಿದ್ಯಾರ್ಥಿನಿಗೆ ಹೇಳಿ, ಮೇಷ್ಟ್ರೇ.

ಪಾಂಡವಪುರದ ಮಾಜಿ ಯೋಧ

ನಾನು ಸಿದ್ಧಾಂತ ಓದಿದವನಲ್ಲ, ಸೇನೆಯಲ್ಲಿದ್ದು ನಿವೃತ್ತನಾದವನು. ಇಲ್ಲಿ ಎಲ್ಲರೂ ಲಿಂಗತ್ವ ಎಂದರೆ ಹೆಂಗಸರ ವಿಷಯ ಎಂಬಂತೆ ಮಾತಾಡುತ್ತಿದ್ದೀರಿ. ಯುದ್ಧದಲ್ಲಿ ಗಂಡಾಗಿ ಹುಟ್ಟಿದ್ದೇ ತಪ್ಪು ಎಂಬಂಥ ಸಂದರ್ಭಗಳಿವೆ. ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ 1995ರ ಜುಲೈನಲ್ಲಿ ಹೆಂಗಸರು ಮಕ್ಕಳನ್ನು ಬಸ್ಸುಗಳಿಗೆ ತುಂಬಿ ಕಳಿಸಿ, ಸುಮಾರು 8,000 ಗಂಡಸರು ಮತ್ತು ಹುಡುಗರನ್ನು ಬೇರ್ಪಡಿಸಿ ಕೊಂದರು. ಉಕ್ರೇನ್‌ನಲ್ಲಿ 2022ರಲ್ಲಿ ಯುದ್ಧ ಶುರುವಾದಾಗ 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿಲ್ಲ ಎಂದರು. ಬಂದೂಕು ಹಿಡಿದೇ ಗೊತ್ತಿಲ್ಲದ ಸಂಗೀತದ ಮೇಷ್ಟ್ರೂ ಅದರಲ್ಲಿ ಸೇರಿದ. ಇದಕ್ಕೆ ಸ್ತ್ರೀವಾದ ಏನು ಹೇಳುತ್ತದೆ?

ಗಂಗೋತ್ರಿ ಸಂಶೋಧಕಿ

ಬಹಳ ಸರಿಯಾದ ಪ್ರಶ್ನೆ ಸರ್, ಮತ್ತು ಅದನ್ನು ಎತ್ತಿದವರು ಒಳಗಿನವರೇ. ‘ಹೆಂಗಸರು ಮತ್ತು ಮಕ್ಕಳು’ ಎಂದರೆ ನಾಗರಿಕರು, ಗಂಡು ಎಂದರೆ ಸೈನಿಕ ಎಂಬ ಸಮೀಕರಣ ರಕ್ಷಣಾ ಸಂಸ್ಥೆಗಳ ತಲೆಯಲ್ಲೂ ಕೂತಿದೆ, ಅದರಿಂದಲೇ ನಿರಾಯುಧ ಗಂಡಸರು ರಕ್ಷಣೆಯ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ ಎಂದು ಚಾರ್ಲಿ ಕಾರ್ಪೆಂಟರ್ ವಾದಿಸಿದ್ದಾರೆ. ಅದಕ್ಕೂ ಮೊದಲು, 1987ರಲ್ಲಿ, ಜೀನ್ ಎಲ್ಶ್‌ಟೈನ್ ಇದೇ ಜೋಡಿಯನ್ನು ಗುರುತಿಸಿದ್ದರು: ಗಂಡು ಧರ್ಮಯೋಧ, ಹೆಣ್ಣು ನಿರ್ಮಲ ಆತ್ಮ. ಒಬ್ಬರು ಸಾಯುವುದಕ್ಕೆ, ಇನ್ನೊಬ್ಬರು ಅಳುವುದಕ್ಕೆ. ಯುದ್ಧವನ್ನು ನಡೆಸಲು ಎರಡು ಪಾತ್ರಗಳೂ ಬೇಕು.

ಪಾಂಡವಪುರದ ಮಾಜಿ ಯೋಧ

ಒಪ್ಪಿದೆ. ಹಾಗಿದ್ದರೆ ಘಟಕದ ಹೆಸರನ್ನು ಬದಲಿಸಿ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. 2007ರಲ್ಲಿ ಭಾರತ ಲೈಬೀರಿಯಾಕ್ಕೆ ಪೂರ್ತಿ ಮಹಿಳೆಯರೇ ಇದ್ದ ಪೊಲೀಸ್ ತುಕಡಿಯನ್ನು ಕಳಿಸಿತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅಂಥದ್ದು ಅದೇ ಮೊದಲು. 2016ರವರೆಗೆ ಅವರು ಅಲ್ಲಿದ್ದರು. ಊರಿನ ಹೆಂಗಸರು ಗಂಡು ಸಿಪಾಯಿಯ ಹತ್ತಿರ ಹೇಳಿಕೊಳ್ಳದ ದೂರನ್ನು ಅವರ ಹತ್ತಿರ ಹೇಳಿಕೊಳ್ಳುತ್ತಾರೆ ಎಂಬುದು ಶಾಂತಿಪಾಲನೆಗೆ ಹೋಗಿ ಬಂದ ಯಾರಿಗೂ ಗೊತ್ತಿರುವ ಮಾತು. ಆದರೆ ಅವರನ್ನು ಹೊಗಳುವಾಗ ‘ತಾಯಿಯಂತೆ ನೋಡಿಕೊಂಡರು’ ಎಂದೇ ಹೊಗಳಿದರು. ಬಂದೂಕು ಹಿಡಿದು ರಾತ್ರಿ ಗಸ್ತು ತಿರುಗಿದ್ದು ಹಿಂದೆ ಸರಿಯಿತು.

ದೊಡ್ಡಿ ಹುಡುಗ

ದೊಡ್ಡವರ ನಡುವೆ ನನ್ನದೊಂದು ಮಾತು. ನಮ್ಮ ಮಂಡ್ಯ ಜಿಲ್ಲೆಯೂ ಈ ಸಿದ್ಧಾಂತದ ಒಳಗೆ ಬರುತ್ತದೆ ಎಂದು ಗೊತ್ತಾದಾಗ ನನಗೆ ನಗು ಬಂತು, ಆಮೇಲೆ ಬೇಜಾರಾಯಿತು. ವಿದ್ವಾಂಸೆಯರಾದ ವ್ಯಾಲರಿ ಹಡ್ಸನ್ ಮತ್ತು ಆಂಡ್ರಿಯಾ ಡೆನ್ ಬೋಯರ್ 2004ರಲ್ಲಿ ಒಂದು ಪುಸ್ತಕ ಬರೆದರು. ಭಾರತ ಮತ್ತು ಚೀನಾದಲ್ಲಿ ಹೆಣ್ಣು ಭ್ರೂಣಗಳನ್ನು ತೆಗೆಸಿ ಗಂಡುಗಳ ಸಂಖ್ಯೆ ಹೆಚ್ಚಾದರೆ, ಮದುವೆಯಾಗಲು ಹೆಣ್ಣು ಸಿಗದ ಯುವಕರು ದೇಶದೊಳಗೆ ಅಶಾಂತಿಗೆ ಕಾರಣರಾಗುತ್ತಾರೆ, ಸರ್ಕಾರಗಳು ಅವರ ಕಾವನ್ನು ಹೊರಗಿನ ಯುದ್ಧಗಳತ್ತ ತಿರುಗಿಸಬಹುದು ಎಂಬುದು ಅದರ ಸಾರ. ಹತ್ತೊಂಬತ್ತನೆಯ ಶತಮಾನದ ಚೀನಾದ ನಿಯಾನ್ ದಂಗೆಯನ್ನು ಉದಾಹರಣೆ ಕೊಡುತ್ತಾರೆ.

ಈಗ ನಮ್ಮೂರಿನ ಕಡೆಗೆ ಬನ್ನಿ. 2023ರ ಫೆಬ್ರವರಿಯಲ್ಲಿ ನಮ್ಮ ಕೆ.ಎಂ.ದೊಡ್ಡಿಯಿಂದ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಎಲ್ಲರೂ ಮೂವತ್ತು ದಾಟಿದವರು, ಹೆಚ್ಚಿನವರು ಬೇಸಾಯದ ಮನೆಯವರು. ಪೇಪರು ಟೀವಿಯವರೆಲ್ಲ ನಗಾಡಿಕೊಂಡು ಸುದ್ದಿ ಮಾಡಿದರು. ಅದೇ ವರ್ಷದ ಕೊನೆಯಲ್ಲಿ ಇದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಪಕ್ಕದ ಕೋಣೆಯಲ್ಲಿ ಅಲ್ಟ್ರಾಸೌಂಡ್. ಎರಡು ಸುದ್ದಿಯನ್ನೂ ಒಂದೇ ಪುಟದಲ್ಲಿ ಇಟ್ಟು ಓದಿದವರು ಕಡಿಮೆ.

ನಾನೂ ಆ ಬೆಟ್ಟಕ್ಕೆ ನಡೆದವರ ಪೈಕಿ. ಹಡ್ಸನ್ ಅವರ ಪ್ರಕಾರ ನಾನು ಅಂತರರಾಷ್ಟ್ರೀಯ ಭದ್ರತೆಗೆ ಅಪಾಯ. ಮಾದಪ್ಪನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಮನೆಗೆ ಬಂದೆ, ಅಷ್ಟೇ.

ಕಪ್ಪು ಕೋಟು ಮೈಸೂರು

ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ವಿಮರ್ಶೆ ಇದೇ.

ಸ್ಪರ್ಧಾರ್ಥಿ ಮಳವಳ್ಳಿ

ಆದರೆ ಹಡ್ಸನ್ ಅವರಲ್ಲಿ ಕನಿಷ್ಠ ಪರೀಕ್ಷಿಸಬಹುದಾದ ಊಹೆ ಇದೆ. ಅಂಕಿಅಂಶ ಇದೆ. ನಾನು ಕೇಳುತ್ತಿರುವುದೂ ಅದನ್ನೇ.

ಗಂಗೋತ್ರಿ ಸಂಶೋಧಕಿ

ಇದೆ, ಮತ್ತು ಅದಕ್ಕೆ ತಕ್ಕ ಬೆಲೆಯನ್ನೂ ತೆರಬೇಕಾಗುತ್ತದೆ. ದೊಡ್ಡಿಯವರ ಬರಹವನ್ನು ಇನ್ನೊಮ್ಮೆ ಓದಿ. ಆ ಲೆಕ್ಕದಲ್ಲಿ ಅವಿವಾಹಿತ ಬಡ ಯುವಕ ಒಂದು ಸ್ಫೋಟಕ ವಸ್ತು, ಹೆಣ್ಣು ಅವನನ್ನು ತಣ್ಣಗಿಡುವ ನೀರು. ಹುಟ್ಟದೇ ಹೋದ ಹೆಣ್ಣುಮಗುವಿಗೆ ಆದ ಅನ್ಯಾಯಕ್ಕಿಂತ, ಅವಳಿಲ್ಲದ್ದರಿಂದ ಗಂಡಸರು ಏನು ಮಾಡಿಯಾರು ಎಂಬ ಭಯವೇ ಮುಂದೆ ಬರುತ್ತದೆ. ಹಾಗಂತ ಹಡ್ಸನ್ ಅವರ ಮುಖ್ಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ದೇಶವೊಂದು ಹೊರಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೂ ಮನೆಯೊಳಗಿನ ಹಿಂಸೆಗೂ ನಂಟಿದೆ ಎಂದು ಅವರು ಮತ್ತು ಸಂಗಡಿಗರು 2012ರಲ್ಲಿ ಇನ್ನೂ ವಿಸ್ತಾರವಾಗಿ ವಾದಿಸಿದ್ದಾರೆ. ಆಲೆಮನೆಯೊಳಗೆ ನಡೆದದ್ದು ವಿದೇಶಾಂಗ ನೀತಿಯ ವಿಷಯವೇ ಅಲ್ಲ ಎಂದು ವಾಲ್ಟ್ಸ್ ಅವರ ಸಿದ್ಧಾಂತ ಹೇಳುತ್ತದೆ. ವಿಷಯ ಹೌದು ಎಂದು ಹಡ್ಸನ್ ಹೇಳುತ್ತಾರೆ. ಈ ಒಂದು ಅಂಶದಲ್ಲಿ ನನ್ನ ಮತ ಹಡ್ಸನ್ ಅವರಿಗೆ.

ಕಪ್ಪು ಕೋಟು ಮೈಸೂರು

ನೀವೆಲ್ಲ ಅಮೆರಿಕದ ಹೆಸರುಗಳನ್ನೇ ಹೇಳುತ್ತಿದ್ದೀರಿ. ಪಕ್ಕದ ಕೊಡಗಿನ ಹೆಸರನ್ನು ಯಾರೂ ಎತ್ತಲಿಲ್ಲ. ಸಿ.ಬಿ. ಮುತ್ತಮ್ಮ, 1924ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿದವರು, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಸೇವೆಗೆ ಸೇರುವಾಗ ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆಯನ್ನು ಅವರಿಂದ ಬರೆಸಿಕೊಂಡಿದ್ದರು. 1961ರ ನಡತೆ ನಿಯಮಗಳಲ್ಲಿ 8(2) ಎಂಬ ಒಂದು ನಿಯಮವಿತ್ತು. ಮಹಿಳಾ ಅಧಿಕಾರಿ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ, ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ತೋರಿದರೆ ಅವಳಿಂದ ರಾಜೀನಾಮೆ ಕೇಳಬಹುದು. ಮದುವೆಯಾದ ಹೆಂಗಸಿಗೆ ನೇಮಕಾತಿಯ ಹಕ್ಕೇ ಇಲ್ಲ ಎನ್ನುವ ಇನ್ನೊಂದು ನಿಯಮವೂ ಜೊತೆಗಿತ್ತು.

ಬಡ್ತಿ ನಿರಾಕರಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಅದು. ಸಂಸಾರದ ಜವಾಬ್ದಾರಿಯಿಂದ ಕೆಲಸಕ್ಕೆ ಅಡ್ಡಿಯಾಗುವುದಾದರೆ ಮದುವೆಯಾದ ಗಂಡಸಿಗೂ ಆಗಬೇಡವೇ ಎಂಬುದು ಅವರ ತರ್ಕ. ತಾಂತ್ರಿಕವಾಗಿ ಅರ್ಜಿ ವಜಾ ಆಯಿತು, ಏಕೆಂದರೆ ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಗಡಿಬಿಡಿಯಿಂದ ಬಡ್ತಿ ಕೊಟ್ಟಿತ್ತು. ಆದರೆ ನಿಯಮಗಳನ್ನು ಪರಿಷ್ಕರಿಸಿ ಲಿಂಗ ತಾರತಮ್ಯದ ಕಲೆಯನ್ನು ತೆಗೆಯಿರಿ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು.

ಇದಕ್ಕೂ ಸಿದ್ಧಾಂತಕ್ಕೂ ಏನು ಸಂಬಂಧ ಎಂದು ಮಳವಳ್ಳಿಯವರು ಕೇಳುವ ಮೊದಲೇ ಹೇಳುತ್ತೇನೆ. ಮದುವೆಯಾದ ಪುರುಷ ರಾಯಭಾರಿಗೆ ಹೆಂಡತಿ ಅಡ್ಡಿಯಾಗಿರಲಿಲ್ಲ, ಸಂಬಳವಿಲ್ಲದ ಇನ್ನೊಬ್ಬ ಸಿಬ್ಬಂದಿಯಾಗಿದ್ದಳು. ಔತಣ, ಉಪಚಾರ, ಬೇರೆ ದೇಶದ ಅಧಿಕಾರಿಗಳ ಪತ್ನಿಯರೊಡನೆ ಒಡನಾಟ ಎಲ್ಲವೂ ಅವಳ ಪಾಲಿನದು. ರಾಜತಾಂತ್ರಿಕತೆ ಈ ಬಿಟ್ಟಿ ದುಡಿಮೆಯ ಮೇಲೆ ನಿಂತಿದೆ ಎಂದು ಸ್ತ್ರೀವಾದಿ ವಿದ್ವಾಂಸೆ ಸಿಂಥಿಯಾ ಎನ್ಲೋ ತೋರಿಸಿಕೊಟ್ಟರು. ನಿಯಮ 8(2)ರ ತಿರುಳೂ ಅದೇ: ಹೆಂಡತಿಯಾಗಬೇಕಾದವಳು ತಾನೇ ರಾಯಭಾರಿಯಾದರೆ ಆ ದುಡಿಮೆ ಮಾಡುವವರು ಯಾರು?

ಕೋಟೆ ಕಾವಲುಗಾರ

ಮುತ್ತಮ್ಮನವರು ಹಂಗೇರಿ, ಘಾನಾ, ನೆದರ್‌ಲೆಂಡ್ಸ್‌ಗಳಲ್ಲಿ ರಾಯಭಾರಿಯಾಗಿದ್ದರು ಎಂಬುದನ್ನೂ ಸೇರಿಸಿ. ಅಂದಹಾಗೆ, ವಿರಾಜಪೇಟೆಯ ಕಡೆಯಿಂದ ಈ ಸಲದ ಕಿತ್ತಳೆ ಮೈಸೂರಿಗೆ ಬಂದಿದೆಯೇ? ದೇವರಾಜ ಮಾರುಕಟ್ಟೆಯಲ್ಲಿ ಕಾಣಲಿಲ್ಲ.

ನಿರ್ವಾಹಕ

ಕಿತ್ತಳೆಗೆ ಬೇರೆ ವಿಭಾಗವಿದೆ. ದಯವಿಟ್ಟು ವಿಷಯಕ್ಕೆ ಬನ್ನಿ.

ಗೆಜ್ಜಲಗೆರೆ ಹೊಲಿಗೆ

ಎನ್ಲೋ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ‘ಹೆಂಗಸರು ಎಲ್ಲಿದ್ದಾರೆ?’ ಎಂಬ ಅವರ ಪ್ರಶ್ನೆಗೆ ಉತ್ತರ ಬೇಕಾದವರು ಬೆಳಿಗ್ಗೆ ಏಳಕ್ಕೆ ಮೊದಲು ಹಳೆಯ ಮೈಸೂರು ರಸ್ತೆಯ ಬಳಿ ನಿಲ್ಲಿ. ಹಳ್ಳಿಗಳಿಂದ ಹೆಂಗಸರನ್ನು ತುಂಬಿಕೊಂಡು ಗಾರ್ಮೆಂಟ್ಸ್ ಬಸ್ಸುಗಳು ಬರುತ್ತವೆ. ನನ್ನ ತಾಯಿ ಕಾಲರ್ ಲೈನಿನಲ್ಲಿದ್ದರು. ಗಂಟೆಗಿಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಟಾರ್ಗೆಟ್ ಬರೆದಿರುತ್ತದೆ. ಹಿಂದುಳಿದರೆ ಸೂಪರ್‌ವೈಸರ್ ಬಂದು ಮುಂದೆ ನಿಲ್ಲುತ್ತಾನೆ. ಶೌಚಾಲಯಕ್ಕೆ ಎದ್ದು ಹೋದರೂ ಪಕ್ಕದವಳ ಮುಂದೆ ರಾಶಿ ಬೀಳುತ್ತದೆ, ಅದಕ್ಕೇ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಹೊಲಿದ ಅಂಗಿಯ ಕುತ್ತಿಗೆಯಲ್ಲಿ ಯುರೋಪಿನ ಅಂಗಡಿಯ ಹೆಸರಿರುತ್ತದೆ, ಬೆಲೆಯ ಚೀಟಿ ಕೂಡ ಅಲ್ಲಿಯ ಹಣದಲ್ಲೇ.

ಬಟ್ಟೆ ವ್ಯಾಪಾರದ ಕೋಟಾ ಪದ್ಧತಿ 1974ರಿಂದ ಇತ್ತು, 2005ರ ಜನವರಿಯಲ್ಲಿ ಕೊನೆಯಾಯಿತು ಎಂಬುದನ್ನು ನಿಮ್ಮ ಪುಸ್ತಕಗಳು ಅಂತರರಾಷ್ಟ್ರೀಯ ಒಪ್ಪಂದ ಎಂದು ಹೇಳುತ್ತವೆ. ಆ ನಂತರ ಅಗ್ಗವಾಗಿ ಹೊಲಿದು ಕೊಡುವ ಪೈಪೋಟಿಯಲ್ಲಿ ಯಾರ ಕೈ ಅಗ್ಗ ಎಂದು ಲೆಕ್ಕ ಹಾಕಿದಾಗ, ‘ಹೆಂಗಸರ ಕೈ ನಾಜೂಕು, ಅವರು ಜಗಳ ಮಾಡುವುದಿಲ್ಲ, ಅವರದು ಹೇಗೂ ಮೇಲುಸಂಪಾದನೆ’ ಎಂಬ ಮೂರು ಸುಳ್ಳುಗಳ ಮೇಲೆ ಕಾರ್ಖಾನೆಗಳು ಎದ್ದವು. ಜಗಳ ಮಾಡುವುದಿಲ್ಲ ಎಂಬುದು 2016ರ ಏಪ್ರಿಲ್‌ನಲ್ಲಿ ಸುಳ್ಳಾಯಿತು. ಪಿ.ಎಫ್. ಹಣ ತೆಗೆಯುವ ನಿಯಮ ಬದಲಿಸಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು, ಕೇಂದ್ರ ಸರ್ಕಾರ ಆದೇಶ ವಾಪಸು ಪಡೆಯಿತು. 2020ರ ಜೂನ್‌ನಲ್ಲಿ ಕೊರೊನಾದಿಂದ ವಿದೇಶಿ ಆರ್ಡರುಗಳು ಬಿದ್ದುಹೋದಾಗ ಶ್ರೀರಂಗಪಟ್ಟಣದ ಒಂದು ಕಾರ್ಖಾನೆ ಸಾವಿರಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು, ಹೆಚ್ಚಿನವರು ಹೆಂಗಸರೇ. ಅವರು ಕಾರ್ಖಾನೆಯ ಆವರಣದಲ್ಲೇ ವಾರಗಟ್ಟಲೆ ಧರಣಿ ಕೂತರು. ಆ ಧರಣಿ ಸ್ವೀಡನ್ ಮೂಲದ ಬ್ರ್ಯಾಂಡ್‌ನ ಕಚೇರಿಯವರೆಗೆ ಮುಟ್ಟಿತು. ಇದು ಅಂತರರಾಷ್ಟ್ರೀಯ ಸಂಬಂಧವಲ್ಲದಿದ್ದರೆ ಯಾವುದು?

ಮದ್ದೂರು ಮೇಷ್ಟ್ರು

ಈ ಬಸ್ಸುಗಳನ್ನು ನಾನು ದಿನಾ ನೋಡುತ್ತೇನೆ. ನನ್ನ ತರಗತಿಯ ಅರ್ಧದಷ್ಟು ಮಕ್ಕಳ ತಾಯಂದಿರು ಅದರಲ್ಲಿರುತ್ತಾರೆ.

ಸರಸ್ವತಿಪುರಂ ನಿವೃತ್ತ

ಹೊಲಿಗೆಯವರು ಸ್ವೀಡನ್ ಹೆಸರು ತೆಗೆದದ್ದು ಸ್ವಾರಸ್ಯವಾಗಿದೆ. 2014ರಲ್ಲಿ ಮಾರ್ಗೊಟ್ ವಾಲ್‌ಸ್ಟ್ರೋಮ್ ವಿದೇಶಾಂಗ ಸಚಿವೆಯಾದಾಗ, ತಮ್ಮದು ಸ್ತ್ರೀವಾದಿ ವಿದೇಶಾಂಗ ನೀತಿ ಎಂದು ಜಗತ್ತಿನಲ್ಲೇ ಮೊದಲು ಘೋಷಿಸಿದ ದೇಶ ಅದು. 2022ರವರೆಗೆ ಆ ನೀತಿಯಿದ್ದ ಎಂಟು ವರ್ಷವೂ ಅದು ಶಸ್ತ್ರಾಸ್ತ್ರ ರಫ್ತು ಮಾಡುತ್ತಲೇ ಇತ್ತು.

ಸ್ಪರ್ಧಾರ್ಥಿ ಮಳವಳ್ಳಿ

2022ರಲ್ಲಿ ಸರ್ಕಾರ ಬದಲಾದ ಕೂಡಲೇ ಆ ಹೆಸರನ್ನು ಕೈಬಿಟ್ಟರು, 2024ರಲ್ಲಿ ನ್ಯಾಟೊ ಸೇನಾ ಕೂಟ ಸೇರಿದರು. ರಷ್ಯಾ ಬಾಗಿಲಿಗೆ ಬಂದಾಗ ಉಳಿದದ್ದು ವಾಲ್ಟ್ಸ್. 2000ರ ಅಕ್ಟೋಬರ್ 31ರಂದು ಭದ್ರತಾ ಮಂಡಳಿ ಅಂಗೀಕರಿಸಿದ 1325ನೇ ನಿರ್ಣಯವೂ ಅಷ್ಟೇ. ಶಾಂತಿ ಮಾತುಕತೆಯಲ್ಲಿ ಮಹಿಳೆಯರಿರಬೇಕು ಎಂದು ಅದು ಹೇಳಿತು. 2020ರ ಫೆಬ್ರವರಿಯಲ್ಲಿ ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಸಹಿ ಹಾಕಿದ ಒಪ್ಪಂದದಲ್ಲಿ ಅಫ್ಘನ್ ಮಹಿಳೆಯರ ಹಕ್ಕುಗಳ ಬಗ್ಗೆ ಒಂದು ಮಾತೂ ಇಲ್ಲ.

ಗಂಗೋತ್ರಿ ಸಂಶೋಧಕಿ

ಅದೇ ಅಮೆರಿಕ 2001ರಲ್ಲಿ ಯುದ್ಧಕ್ಕೆ ಹೊರಟಾಗ ಅಫ್ಘನ್ ಮಹಿಳೆಯರ ಘನತೆಗಾಗಿಯೂ ಈ ಹೋರಾಟ ಎಂದು ಅಧ್ಯಕ್ಷರ ಪತ್ನಿಯೇ ರೇಡಿಯೊ ಭಾಷಣ ಮಾಡಿದ್ದರು. ಹೋಗುವಾಗ ಹೆಂಗಸರ ಹೆಸರು ಬೇಕಿತ್ತು, ಬರುವಾಗ ಬೇಡವಾಯಿತು. ಮಳವಳ್ಳಿಯವರೇ, ಈ ಹೆಸರಿನ ಬಳಕೆಯನ್ನು ವಾಸ್ತವವಾದ ‘ನೆಪ’ ಎಂದು ಬದಿಗೆ ಸರಿಸುತ್ತದೆ. ನೆಪವಾಗಿ ಹೆಣ್ಣೇ ಯಾಕೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಾಳೆ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ವಸಾಹತುಶಾಹಿಯ ಕಾಲದಿಂದಲೂ ಇದು ನಡೆದುಬಂದಿದೆ ಎಂದು ಗಾಯತ್ರಿ ಸ್ಪಿವಾಕ್ ಹೇಳಿದರು. ‘ಮೂರನೆಯ ಜಗತ್ತಿನ ಹೆಣ್ಣು’ ಎಂಬ ಒಂದೇ ಅಚ್ಚಿನ ಬೊಂಬೆಯನ್ನು ಪಶ್ಚಿಮದ ಸ್ತ್ರೀವಾದವೂ ಎರಕ ಹೊಯ್ದಿದೆ ಎಂದು ಚಂದ್ರಾ ತಲಪಾಡೆ ಮೊಹಾಂತಿ 1980ರ ದಶಕದಲ್ಲೇ ಎಚ್ಚರಿಸಿದರು.

ಇನ್ನು ನಮ್ಮ ದೇಶದ ಮಾತು. 2025ರ ಅಕ್ಟೋಬರ್‌ನಲ್ಲಿ ತಾಲಿಬಾನ್ ವಿದೇಶಾಂಗ ಸಚಿವರು ದೆಹಲಿಗೆ ಬಂದಾಗ ಅಫ್ಘನ್ ರಾಯಭಾರ ಕಚೇರಿಯಲ್ಲಿ ನಡೆದ ಪತ್ರಿಕಾಗೋಷ್ಠಿಗೆ ಒಬ್ಬ ಪತ್ರಕರ್ತೆಯನ್ನೂ ಬಿಡಲಿಲ್ಲ. ಅದರಲ್ಲಿ ತನ್ನ ಪಾತ್ರವಿಲ್ಲ ಎಂದು ವಿದೇಶಾಂಗ ಸಚಿವಾಲಯ ಹೇಳಿತು. ಗದ್ದಲವಾದ ಮೇಲೆ ಎರಡೇ ದಿನದಲ್ಲಿ ಇನ್ನೊಂದು ಗೋಷ್ಠಿ ಕರೆದು ಮಹಿಳೆಯರನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಒಂದು ಕೋಣೆಗೆ ಯಾರು ಬರಬಹುದು ಎಂಬ ಪ್ರಶ್ನೆ ಎರಡು ದೇಶಗಳ ನಡುವಿನ ವಿಷಯವಾಯಿತಲ್ಲ.

ಕೋಟೆ ಕಾವಲುಗಾರ

ನಿರ್ವಾಹಕರು ಬೈಯದಂತೆ ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ನೋಡಿದವರು 1780ರ ಪೊಳ್ಳಿಲೂರು ಯುದ್ಧದ ಗೋಡೆಚಿತ್ರವನ್ನು ನೋಡಿರುತ್ತೀರಿ. ಮೈಸೂರು ಸವಾರರಿಗೆಲ್ಲ ದಪ್ಪ ಮೀಸೆ. ಸೋತ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರ ಮುಖ ನುಣ್ಣಗೆ. ಅವರ ಸೇನಾಪತಿ ಬೇಯ್ಲಿ ಪಲ್ಲಕ್ಕಿಯೊಳಗೆ. ಸೋತವರನ್ನು ಹೆಣ್ಣಿಗರಾಗಿಸಿ ಗೋಡೆಗೇರಿಸಿದ್ದಾರೆ ಎನ್ನದೆ ಬೇರೆ ಹೇಗೆ ಓದುವುದು? ಮುಂದೆ ಕಾಲ ತಿರುಗಿತು. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್‌ನನ್ನು ಇಂಗ್ಲಿಷ್ ಚಿತ್ರಕಾರರು ಮಕ್ಕಳ ಕೈಹಿಡಿದ ಕರುಣಾಮಯಿ ತಂದೆಯಂತೆ ಬರೆದರು. ಒಮ್ಮೆ ಗಂಡಸುತನ ಮೀಸೆಯಲ್ಲಿ, ಇನ್ನೊಮ್ಮೆ ತಂದೆತನದಲ್ಲಿ.

ಇವೆರಡರ ನಡುವೆ, 1782ರಲ್ಲಿ, ಅದೇ ಪಟ್ಟಣದ ಅರಮನೆಯಲ್ಲಿ ಕಾವಲಿನೊಳಗಿದ್ದ, ಅಧಿಕಾರ ಕಳೆದುಕೊಂಡ ಮೈಸೂರು ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಪ್ರಧಾನ ತಿರುಮಲರಾಯರು ತಂಜಾವೂರಿನಲ್ಲಿ ಕಂಪನಿಯ ಪ್ರತಿನಿಧಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಒಡೆಯರ ಮನೆತನಕ್ಕೆ ರಾಜ್ಯ ಮರಳಿ ಕೊಡಿಸುವುದು, ಅದಕ್ಕೆ ಪ್ರತಿಯಾಗಿ ಹಣ ಕೊಡುವುದು ಅದರ ಷರತ್ತು. 1784ರಲ್ಲಿ ಮಂಗಳೂರಿನಲ್ಲಿ ಟಿಪ್ಪುವಿನೊಂದಿಗೆ ಸಂಧಿ ಮಾಡಿಕೊಂಡ ಕಂಪನಿ ಇದನ್ನು ಮೂಲೆಗೆ ಹಾಕಿತು. ಆಕೆ 1799ರವರೆಗೂ ಪಟ್ಟು ಬಿಡಲಿಲ್ಲ.

ಸ್ಪರ್ಧಾರ್ಥಿ ಮಳವಳ್ಳಿ

ಇದು ಶುದ್ಧ ಅಧಿಕಾರ ಸಮತೋಲನ. ಶತ್ರುವಿನ ಶತ್ರು ಮಿತ್ರ. ನೀವು ನನಗೇ ಉದಾಹರಣೆ ಒದಗಿಸಿದಿರಿ.

ಕೋಟೆ ಕಾವಲುಗಾರ

ಸಮತೋಲನ ಎನ್ನಲು ಮೊದಲು ಆಕೆಯ ಹತ್ತಿರ ಒಂದು ರಾಜ್ಯ ಇರಬೇಕಿತ್ತಲ್ಲ? ಸೇನೆಯಿಲ್ಲ, ಭೂಮಿಯಿಲ್ಲ, ಹೊರಗೆ ಬರುವಂತಿಲ್ಲ. ನಿಮ್ಮ ಸಿದ್ಧಾಂತದಲ್ಲಿ ಆಕೆಗೆ ಪಾತ್ರವೇ ಇಲ್ಲ.

ಕಪ್ಪು ಕೋಟು ಮೈಸೂರು

ಮತ್ತು ಆಕೆ ಅಷ್ಟು ವರ್ಷ ಹೋರಾಡಿದ್ದು ತನಗಾಗಿ ಸಿಂಹಾಸನ ಕೇಳುವುದಕ್ಕಲ್ಲ, ಮನೆತನದ ಗಂಡು ಕೂಸಿಗಾಗಿ. 1799ರಲ್ಲಿ ಕೂರಿಸಿದ್ದು ಐದು ವರ್ಷದ ಹುಡುಗನನ್ನು. ರಾಜ್ಯಕ್ಕಾಗಿ ಮಾತುಕತೆ ನಡೆಸುವಷ್ಟು ಸಮರ್ಥಳು, ಅದರ ಹೆಸರಾಗುವಷ್ಟು ಅಲ್ಲ.

ಸ್ಪರ್ಧಾರ್ಥಿ ಮಳವಳ್ಳಿ

ಸರಿ, ರಾಣಿಯವರ ವಿಷಯದಲ್ಲಿ ವಾಲ್ಟ್ಸ್ ಏನೂ ಹೇಳುವುದಿಲ್ಲ ಎಂಬುದು ನಿಜ. ಆದರೆ ಅವರು ಹೇಳುತ್ತೇನೆ ಎಂದೂ ಹೇಳಿರಲಿಲ್ಲ. ದೊಡ್ಡ ಶಕ್ತಿಗಳ ಯುದ್ಧ ಮತ್ತು ಶಾಂತಿಯ ಬಗ್ಗೆ ಕೆಲವೇ ಕೆಲವು ದೊಡ್ಡ ಸಂಗತಿಗಳನ್ನು ವಿವರಿಸುತ್ತೇನೆ ಎಂದರು. ಎಲ್ಲವನ್ನೂ ವಿವರಿಸುವ ಸಿದ್ಧಾಂತ ಏನನ್ನೂ ವಿವರಿಸುವುದಿಲ್ಲ. ಈಗ ವ್ಯಾವಹಾರಿಕ ಪ್ರಶ್ನೆ: ಹದಿನೈದು ಅಂಕದ ಪ್ರಶ್ನೆ ಬಂದರೆ ಟಿಕ್ನರ್ ಬರೆಯಲೋ, ಎನ್ಲೋ ಬರೆಯಲೋ?

ಗಂಗೋತ್ರಿ ಸಂಶೋಧಕಿ

‘ವಾಸ್ತವವಾದದ ವಿಮರ್ಶೆ’ ಎಂದು ಕೇಳಿದರೆ ಟಿಕ್ನರ್. ‘ಜಾಗತಿಕ ಆರ್ಥಿಕತೆ’ ಅಥವಾ ‘ದಿನನಿತ್ಯದ ರಾಜಕಾರಣ’ ಎಂದು ಕೇಳಿದರೆ ಎನ್ಲೋ. ಎರಡರಲ್ಲೂ ಪುರುಷತ್ವದ ಬಗ್ಗೆ ಒಂದು ಪ್ಯಾರಾ ಬರೆಯಿರಿ, ಪಾಂಡವಪುರದವರ ಸ್ರೆಬ್ರೆನಿಕಾ ಉದಾಹರಣೆ ಕೊಡಿ. ಹೆಚ್ಚಿನವರು ಅದನ್ನು ಬಿಡುತ್ತಾರೆ.

ಮದ್ದೂರು ಮೇಷ್ಟ್ರು

ಮುಂದಿನ ಸೆಮಿಸ್ಟರಿಗೆ ಹಾಬ್ಸನ ಪಾಠದ ದಿನವೇ ಅಣಬೆಯ ಪ್ರಶ್ನೆ ಎತ್ತುತ್ತೇನೆ, ಗಾರ್ಮೆಂಟ್ಸ್ ಕೋಟಾದ ವಿಷಯವನ್ನು ವ್ಯಾಪಾರದ ಘಟಕದೊಳಗೆ ತರುತ್ತೇನೆ. ಪಠ್ಯಕ್ರಮ ಬದಲಿಸುವ ಅಧಿಕಾರ ನನಗಿಲ್ಲ, ಕ್ರಮ ಬದಲಿಸಲು ಯಾರ ಅಪ್ಪಣೆಯೂ ಬೇಡ. ವಕೀಲ ಮೇಡಂ, ಮುತ್ತಮ್ಮನವರ ತೀರ್ಪನ್ನು ತರಗತಿಯಲ್ಲಿ ಓದಿಸಬಹುದೇ? ತೀರಾ ಉದ್ದವೇ?

ಕಪ್ಪು ಕೋಟು ಮೈಸೂರು

ಕೆಲವೇ ಪುಟಗಳು, ಮೇಷ್ಟ್ರೇ. ತೀರ್ಪುಗಳ ಸಂಪುಟ ಎ.ಐ.ಆರ್. (ಆಲ್ ಇಂಡಿಯಾ ರಿಪೋರ್ಟರ್) 1979, ಸುಪ್ರೀಂ ಕೋರ್ಟ್, ಪುಟ 1868. ಕೃಷ್ಣ ಅಯ್ಯರ್ ಅವರ ಇಂಗ್ಲಿಷ್ ಮಾತ್ರ ಕಬ್ಬಿಣದ ಕಡಲೆ, ಮೊದಲು ನೀವೊಮ್ಮೆ ಓದಿಕೊಂಡು ಹೋಗಿ.